ಬಾಗಿದ ಸ್ಫಟಿಕದಿಂದ ಗಾಮಾ ಕಿರಣ



ಸ್ಫಟಿಕದ ನೈರ್ಮಲ್ಯವನ್ನು ನಾವು ಮನಸ್ಸಿಗೆ ಉಪಮಾನವಾಗಿ ಹೇಳುತ್ತ ಬಂದಿರುವೆವು. ವಿಜ್ಞಾನಿಗಳಾದರೋ ಅದರ ಒಳರಚನೆಯನ್ನೇ ಕಾರ್ಯಕ್ಕೆ ತಂದಿರುವರು. ಸಿಲಿಕಾನ್ ಸ್ಫಟಿಕದಲ್ಲಿ ಪರಮಾಣುಗಳು ಪದರಪದರವಾಗಿ ನಿಂತಿರುವುವು. ವೇಗದಿಂದ ಬರುವ ವಿದ್ಯುತ್ಕಣವು ಪದರಗಳಿಗೆ ಸಮಾನಾಂತರವಾಗಿ ಹೊಕ್ಕರೆ, ಕಾಲುವೆಯ ನೀರಿನಂತೆ ಅವುಗಳ ಜಾಡಿನಲ್ಲಿಯೇ ಹರಿಯುವುದು. ಸ್ಫಟಿಕವನ್ನು ಬಾಗಿಸಿದರೆ ಕಣವೂ ಬಾಗಿ ನಡೆಯುವುದೆಂದು 1976ರಲ್ಲಿ ಸೋವಿಯತ್ ದೇಶದ ತ್ಸಿಗಾನೋವ್ ಎಂಬವರು ಸೂಚಿಸಿದರು. 1979ರಲ್ಲಿ ದುಬ್ನಾದ ಪ್ರಯೋಗವು ಅದನ್ನು ದೃಢಪಡಿಸಿತು.

ವೇಗವಾದ ವಿದ್ಯುತ್ಕಣದ ದಾರಿಯು ತಿರುಗಿದಲ್ಲಿ ಕಿರಣವು ಹೊಮ್ಮುವುದು ಪ್ರಕೃತಿನಿಯಮ. ಆದುದರಿಂದ ಸ್ಫಟಿಕವನ್ನು ಅಲೆಯಲೆಯಾಗಿ ಬಾಗಿಸುವರು. ಅಲೆಯ ಉದ್ದವು ಮಿಲಿಮೀಟರಿನ ನೂರನೆಯ ಒಂದು ಪಾಲಿದ್ದರೆ, ಜರ್ಮನಿಯ ಮೈನ್ಸ್ ನಗರದ ಯಂತ್ರದಲ್ಲಿ ದೊರೆಯುವ 855 ದಶಲಕ್ಷ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನಿನಿಂದ ಸುಮಾರು 7 ಲಕ್ಷ ಎಲೆಕ್ಟ್ರಾನ್‌ವೋಲ್ಟಿನ ಗಾಮಾ ಕಿರಣವು ಹುಟ್ಟಬೇಕೆಂಬುದು ಗಣಿತ. ಬಾಗು ಮಿತಿಮೀರಿದರೆ ಕಣವು ಜಾಡುಬಿಡುವುದು. ಎಲೆಕ್ಟ್ರಾನು ಪರಮಾಣುಗಳ ಪದರಕ್ಕೇ ಸೆಳೆಯಲ್ಪಟ್ಟು ಬೇಗನೆ ಚದರುವುದು. ಧನಕಣವಾದ ಪಾಸಿಟ್ರಾನು ಪದರಗಳ ನಡುವೆ ಹೆಚ್ಚು ದೂರ ಸಾಗುವುದು. ಈ ಕಾರ್ಯದ ಕಷ್ಟವೆಲ್ಲ ಇಲ್ಲಿಯೇ ಇರುವುದು.

ಹೊಸ ವಿದ್ಯೆ ಯಾವುದು ಬಂದರೂ ಅದು ನಮ್ಮ ಪೂರ್ವಗ್ರಂಥಗಳಲ್ಲಿ ಮೊದಲೇ ಇತ್ತೆನ್ನುವವರುಂಟು. ಈ ವಿದ್ಯೆಯು ಅವುಗಳಲ್ಲಿಲ್ಲ. ಇಲ್ಲದುದನ್ನು ಉಂಟೆಂದರೆ ಗ್ರಂಥಕ್ಕೆ ಗೌರವವೂ ಇಲ್ಲ, ದುಡಿದವರಿಗೆ ನ್ಯಾಯವೂ ಇಲ್ಲ. ಕಾಯಕವನ್ನು ಪೂಜೆಯೆಂದು ಬಗೆದ ಸಮಾಜವು ಪರರ ಕಾಯಕವನ್ನು ತನ್ನದೆನ್ನಲಾಗದು. ನಮ್ಮ ಪಾಠಶಾಲೆಯ ಮಕ್ಕಳು ವ್ಯಾಕರಣ ತರ್ಕಗಳೊಡನೆ ಗಣಿತವನ್ನೂ ಅಭ್ಯಸಿಸಿ, ಈ ಕಾಯಕದಲ್ಲಿ ತಾವೇ ಪಾಲುಗೊಳ್ಳಲಿ. ಶ್ರೀಮಠವು ಅದಕ್ಕೆ ಆಶ್ರಯವೀಯಲೆಂದು ಬೇಡಿಕೊಂಡು ವಿರಮಿಸುವೆನು.