ನಮ್ಮೊಳಗಿನ ಕಾಲುವೆಗಳು



ಸಾಫ್ಟ್‌ವೇರ್ ಇಂಜಿನಿಯರ್ ಆದವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರಬಹುದು. ನಾನು ನಮ್ಮವ್ವನ ಕಾಲಿನ ಬಗ್ಗೆ ಮಾತಾಡುತ್ತೇನೆ.

ಭತ್ತದ ನಾಟಿಗೆ ಹೋಗುತ್ತಿದ್ದ ಅವ್ವನ ಮೀನಖಂಡದ ಮೇಲೆ ನೀಲಿ ಹಗ್ಗದಂತೆ ಏನೋ ಉಬ್ಬಿರುತ್ತಿತ್ತು. ಕೇಳಿದರೆ, "ನರ ಉಬ್ಯಾವೆ ಬಿಡಪ್ಪ, ದುಡಿಯೋರ ಕಾಲು ಇರೋದೇ ಹಿಂಗೆ" ಎನ್ನುತ್ತಿದ್ದಳು. ನಾವೂ ಸುಮ್ಮನಾದೆವು. ಮುಂದೆ ಪಾದದ ಗಂಟಿನ ಹತ್ತಿರ ಆದ ಗಾಯ ತಿಂಗಳುಗಟ್ಟಲೆ ಮಾಯಲಿಲ್ಲ. ದಾವಣಗೆರೆಯ ವೈದ್ಯರು ಹೇಳಿದ ಮೇಲೆಯೇ ತಿಳಿದದ್ದು, ಅದು ನರವಲ್ಲ, ಅಭಿಧಮನಿ ಎಂದು. ಇದೇ ಶಾಲೆಯಲ್ಲಿ ಅದರ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಅಂಕ ಪಡೆದಿದ್ದೆ. ಅವ್ವನ ಕಾಲಿನಲ್ಲಿ ಗುರುತಿಸಲಿಲ್ಲ.

ಹರಿಹರ ತಾಲ್ಲೂಕಿನವರಿಗೆ ಈ ಪಾಠ ಸುಲಭ. ಲಕ್ಕವಳ್ಳಿಯ ಜಲಾಶಯದಿಂದ ಹೊರಡುವ ಭದ್ರಾ ನಾಲೆಯಂತೆ ಹೃದಯದಿಂದ ಅಪಧಮನಿಗಳು ಹೊರಡುತ್ತವೆ. ಒತ್ತಡದಿಂದ ನುಗ್ಗುವ ರಕ್ತವನ್ನು ತಾಳಲು ಅವುಗಳ ಗೋಡೆ ದಪ್ಪ. ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಮಣಿಕಟ್ಟಿನಲ್ಲಿ ನಾಡಿ ಸಿಗುವುದು ಅದರಿಂದಲೇ. ಹೊಲಗಾಲುವೆಗಳಂತೆ ಕವಲೊಡೆದು ಕೊನೆಗೆ ಲೋಮನಾಳಗಳಾಗುತ್ತವೆ. ಇವುಗಳ ಗೋಡೆ ಒಂದೇ ಜೀವಕೋಶದಷ್ಟು ತೆಳು. ಕೆಂಪು ರಕ್ತಕಣಗಳು ಒಂದರ ಹಿಂದೊಂದು ಸಾಲಾಗಿ ಹೋಗಬೇಕು. ಆಮ್ಲಜನಕವೂ ಆಹಾರವೂ ದೇಹಕ್ಕೆ ಇಳಿಯುವುದು ಇಲ್ಲೇ. ರಕ್ತ ಸುತ್ತಿ ಬರುತ್ತದೆ ಎಂದು 1628ರಲ್ಲಿ ಬರೆದ ವಿಲಿಯಂ ಹಾರ್ವೆ ಇವನ್ನು ಕಂಡಿರಲಿಲ್ಲ. 1661ರಲ್ಲಿ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡರು.

ರಕ್ತ ಮರಳುವ ದಾರಿ ಅಭಿಧಮನಿ. ಬಸಿಗಾಲುವೆಯ ನೀರು ಇಳಿಜಾರಿನಲ್ಲಿ ತಾನೇ ತುಂಗಭದ್ರೆ ಸೇರುತ್ತದೆ. ಕಾಲಿನ ರಕ್ತ ಹಾಗಲ್ಲ, ಮೇಲಕ್ಕೆ ಹತ್ತಬೇಕು. ನಡೆದಾಗ ಮೀನಖಂಡ ನಾಳವನ್ನು ಹಿಂಡಿ ರಕ್ತವನ್ನು ಮೇಲೆತ್ತುತ್ತದೆ. ಒಳಗಿನ ಕವಾಟಗಳು ಅದು ಕೆಳಗೆ ಜಾರದಂತೆ ತಡೆಯುತ್ತವೆ. ಕವಾಟ ಸೋತರೆ ರಕ್ತ ನಿಂತು ನಾಳ ಉಬ್ಬುತ್ತದೆ, ಕಾಲು ಬಾಯುತ್ತದೆ, ಗಾಯವಾದರೆ ಬೇಗ ಮಾಯುವುದಿಲ್ಲ.

ಚಿಕಿತ್ಸೆಯಿಂದ ಅವ್ವನ ಗಾಯ ಮಾಯಿತು. ಇವತ್ತು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ದಿನವಿಡೀ ನಿಂತು ಪಾಠ ಹೇಳುವ ಗುರುಗಳೇ, ನಾಟಿ ಮಾಡುವ ಅಕ್ಕಂದಿರೇ, ನನ್ನಂತೆ ಕುರ್ಚಿಗೆ ಅಂಟಿಕೊಂಡ ಗೆಳೆಯರೇ, ಆಗಾಗ ನಾಲ್ಕು ಹೆಜ್ಜೆ ನಡೆಯಿರಿ. ನಾಳ ಉಬ್ಬಿ ಕಾಲು ಬಾತರೆ, ಚರ್ಮ ಕಪ್ಪಾದರೆ, ಗಾಯವಾಗುವ ತನಕ ಕಾಯದೆ ವೈದ್ಯರಿಗೆ ತೋರಿಸಿ.

ಮಕ್ಕಳೇ, ಈ ಪಾಠದ ಚಿತ್ರ ಬರೆದ ದಿನ ಮನೆಗೆ ಹೋಗಿ ನಿಮ್ಮ ಅವ್ವನ ಕಾಲನ್ನೂ ಒಮ್ಮೆ ನೋಡಿ.