'ಬೇಡ' ಎಂಬ ಮಾತಿನ ಬೆಲೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಭಾಷೆಯ ಪ್ರಶ್ನೆಯೆಂದರೆ ಶಾಲೆ, ಕಛೇರಿ, ನಾಮಫಲಕಗಳ ಪ್ರಶ್ನೆಯೆಂದೇ ನಾವು ಬಗೆದಿದ್ದೇವೆ. ರೋಗಶಯ್ಯೆಯ ಬಳಿಯಲ್ಲಿಯೂ ಅದು ಏಳುವುದೆಂಬುದನ್ನು ನಾನು ನಮ್ಮ ದೊಡ್ಡಮ್ಮನಿಂದ ಅರಿತೆನು.

ಮಕ್ಕಳು ದೂರದೂರುಗಳಲ್ಲಿ ನೆಲಸಿದ್ದುದರಿಂದ ಆಕೆ ಚಂದ್ರಗಿರಿ ಹೊಳೆಯ ತೆಂಕಣ ಭಾಗದ ವೃದ್ಧಾಲಯವೊಂದರಲ್ಲಿದ್ದರು. ಬೆಳಗಿನ ರಕ್ತದೊತ್ತಡದ ಮಾತ್ರೆಯನ್ನು ದಿನವೂ ನಿರಾಕರಿಸುತ್ತಿದ್ದರು. ದಾದಿಯ ಮನಸ್ಸು ಒಳ್ಳೆಯದು. ಆದರೆ ಬಲ್ಲುದು ಮಲೆಯಾಳ ಮಾತ್ರ. ಪುಸ್ತಕದಲ್ಲಿ 'ಹಠ' ಎಂದು ಬರೆದುದಾಯಿತು. ನಾನು ಹೋಗಿ ಕೇಳಿದಾಗ ದೊಡ್ಡಮ್ಮ, "ಮಿಂದು ದೀಪ ಹಚ್ಚದೆ ಬಾಯಿಗೆ ಹಾಕಿದ್ದುಂಟೆ ಮಗಾ?" ಎಂದರು. ವೈದ್ಯರ ಒಪ್ಪಿಗೆಯಿಂದ ಮಾತ್ರೆಯ ಹೊತ್ತು ಸ್ನಾನದ ಬಳಿಕಕ್ಕೆ ಸರಿಯಿತು, ಹಠವೂ ತೀರಿತು.

ಆದುದರಿಂದ ಆರೈಕೆಯ ಯೋಜನೆಯ ಮೊದಲ ಮೆಟ್ಟಲು, 'ಏಕೆ ಬೇಡ?' ಎಂದು ರೋಗಿಯ ನುಡಿಯಲ್ಲಿ ಕೇಳುವುದು. ನುಂಗಲು ಕಷ್ಟವೋ, ಭಯವೋ, ಖಿನ್ನತೆಯೋ, ಮರೆವೋ ಎಂಬುದನ್ನು ತಿಳಿದು ಕಾರಣಕ್ಕೆ ತಕ್ಕ ಉಪಾಯ ಹೂಡಬೇಕು; ಬರೆದಿಡಬೇಕು; ಕೆಲದಿನಗಳ ಮೇಲೆ ಮತ್ತೆ ಕೇಳಬೇಕು. ತಿಳಿವುಳ್ಳವರಿಗೆ ಅನ್ನದಲ್ಲಿ ಮದ್ದನ್ನು ಗುಟ್ಟಾಗಿ ಬೆರೆಸುವುದು ವಿಶ್ವಾಸಘಾತವೇ ಸರಿ.

ಎರಡು ವರ್ಷಗಳ ತರುವಾಯ ಆಕೆಗೆ ನುಂಗುವ ಶಕ್ತಿ ಕುಂದಿತು. ಮೂಗಿನ ನಳಿಕೆಯಿಂದ ಆಹಾರ ಕೊಡುವ ಮಾತು ಬಂದಾಗ ಮತ್ತೆ 'ಬೇಡ' ಎಂದರು. ಈ ಸಲ ವೈದ್ಯರು ಕನ್ನಡ ಬಲ್ಲವರೊಬ್ಬರನ್ನು ಕೂರಿಸಿಕೊಂಡು, ಪರಿಣಾಮವನ್ನು ವಿವರಿಸಿ, ಆಕೆ ತಿಳಿದೇ ಹೇಳುತ್ತಿರುವರೆಂದು ನಿಶ್ಚಯಿಸಿಕೊಂಡರು. ಮಕ್ಕಳು ಅತ್ತರು, ಕಡೆಗೆ ಒಪ್ಪಿದರು. ನಳಿಕೆ ಬೇಡವೆಂದರೆ ಆರೈಕೆಯೇ ಬೇಡವೆಂದಲ್ಲ. ಬಾಯನ್ನು ಒದ್ದೆಮಾಡುವುದು, ಮಗ್ಗುಲು ಬದಲಿಸುವುದು, ನೋವಿಗೆ ಮದ್ದು, ಇವೆಲ್ಲ ಕೊನೆಯವರೆಗೂ ನಡೆದುವು. ಮೊದಲನೆಯ 'ಬೇಡ' ಬಿಡಿಸಬೇಕಾದ ಒಗಟು; ಎರಡನೆಯದು ಮನ್ನಿಸಬೇಕಾದ ನಿರ್ಧಾರ. ನುಡಿ ತಿಳಿಯದವರಿಗೆ ಎರಡೂ ಒಂದೇ ಆಗಿ ಕೇಳಿಸುವುವು.

ಮುಂಗಡ ಇಚ್ಛಾಪತ್ರವನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯಮಾಡಿತು. 2023ರಲ್ಲಿ ವಿಧಾನವನ್ನು ಸುಲಭಗೊಳಿಸಿ, ಇಬ್ಬರು ಸಾಕ್ಷಿಗಳೊಡನೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಮೊದಲಾದ ಉಪಶಾಮಕ ಸೇವೆ ಸ್ವಯಂಸೇವಕರಿಂದ ಊರೂರಿಗೆ ಹಬ್ಬಿತು. 2008ರಲ್ಲಿ ಕೇರಳ ಸರಕಾರವು ಅದಕ್ಕೊಂದು ನೀತಿಯನ್ನೇ ರೂಪಿಸಿತು. ನೆರೆಯವರ ಈ ಸತ್ಕಾರ್ಯದಲ್ಲಿ ನಮ್ಮ ಪಾಲೂ ಇರಬೇಡವೆ?

ನಮ್ಮ ತರುಣ ತರುಣಿಯರು ವಾರಕ್ಕೊಮ್ಮೆ ಇಂಥ ಆಲಯಗಳಿಗೆ ಹೋಗಿ, ಕನ್ನಡದ ಹಿರಿಯರಿಗೂ ದಾದಿಯರಿಗೂ ನಡುವೆ ದುಭಾಷಿಗಳಾಗಿ ನಿಲ್ಲಲಿ. ಹಾಸಿಗೆ ಹಿಡಿದವರ ಮಾತನ್ನು ಕೇಳಿಸಿಕೊಡುವುದೂ ನುಡಿಸೇವೆಯೇ ಎಂದು ಬಿನ್ನವಿಸಿ ವಿರಮಿಸುತ್ತೇನೆ.