ಬೇತಾಳ ಕೇಳುವ ಪ್ರಶ್ನೆ



ಕನ್ನಡ ಮತ್ತು ಇಂಗ್ಲಿಷ್ ವಿಭಾಗಗಳು ಒಟ್ಟಾಗಿ ನಡೆಸುತ್ತಿರುವ ಈ ವಿಚಾರ ಸಂಕಿರಣದಲ್ಲಿ ‘ಹದಿಹರೆಯದ ಓದು ಮತ್ತು ಅತಿಮಾನುಷ ಕಥನ’ ಎಂಬ ವಿಷಯಕ್ಕೆ ಎರಡು ದಿನ ಮೀಸಲಿಟ್ಟಿದ್ದೀರಿ. ಧೈರ್ಯದ ಕೆಲಸ. ದೆವ್ವ, ಮಾಟ, ರಕ್ತಪಿಶಾಚಿಗಳ ಪುಸ್ತಕಗಳ ಬಗ್ಗೆ ನಮ್ಮಲ್ಲಿ ಮಾತು ನಡೆಯುವುದು ಹೆಚ್ಚಾಗಿ ಎರಡೇ ಕಡೆ. ಒಂದು, ಮಕ್ಕಳು ಹಾಳಾಗುತ್ತಿದ್ದಾರೆ ಎಂದು ಕೊರಗುವ ಪೋಷಕರ ಸಭೆ. ಇನ್ನೊಂದು, ಸಾಹಿತ್ಯ ಚರಿತ್ರೆಯಲ್ಲಿ ‘ಜನಪ್ರಿಯ ಸಾಹಿತ್ಯ’ ಎಂದು ಅರ್ಧ ಪುಟದಲ್ಲಿ ಮುಗಿಸಿಬಿಡುವ ಅಧ್ಯಾಯ.

ನನಗೆ ವಹಿಸಿರುವುದು ಆಶಯ ಭಾಷಣವಾದ್ದರಿಂದ ಎಲ್ಲವನ್ನೂ ನಾನೇ ಹೇಳಿ ಮುಗಿಸಬೇಕಿಲ್ಲ. ನಿಮ್ಮ ಜಗಳಕ್ಕೆ ಒಂದಿಷ್ಟು ಸಾಮಗ್ರಿ ಒದಗಿಸಿದರೆ ಸಾಕು. ನನ್ನ ವಾದ ಇಷ್ಟು: ಹದಿಮೂರರಿಂದ ಹದಿನೆಂಟರವರೆಗಿನವರನ್ನು ದೆವ್ವದ ಕಥೆಯ ಕಡೆಗೆ ಎಳೆಯುವುದು ಮೂಢನಂಬಿಕೆಯಲ್ಲ, ಅನುಮಾನ. ದೊಡ್ಡವರು ಹೇಳಿಕೊಟ್ಟ ಲೋಕ ಪೂರ್ತಿ ನಿಜವೇ, ಒಳ್ಳೆಯವರೆಂದು ತೋರಿಸಿದವರು ಒಳ್ಳೆಯವರೇ, ಸತ್ತವರು ಎಲ್ಲಿಗೆ ಹೋಗುತ್ತಾರೆ, ಕನ್ನಡಿಯಲ್ಲಿ ದಿನಕ್ಕೊಂದು ಥರ ಕಾಣುವ ಈ ಮೈ ಯಾರದು — ಇವೆಲ್ಲ ಆ ವಯಸ್ಸಿನಲ್ಲೇ ಎದ್ದು ಕೂರುವ ಪ್ರಶ್ನೆಗಳು. ನೇರವಾಗಿ ಕೇಳಿದರೆ ಮನೆಯಲ್ಲಿ ಬೈಗುಳ, ತರಗತಿಯಲ್ಲಿ ನಗು. ಅತಿಮಾನುಷ ಕಥೆ ಆ ಪ್ರಶ್ನೆಗಳಿಗೆ ವೇಷ ಕಟ್ಟಿ ರಂಗಕ್ಕೆ ಬಿಡುತ್ತದೆ.

ಮೊದಲು ಗಾಬರಿಯ ಚರಿತ್ರೆ. ಮಕ್ಕಳು ಏನು ಓದಿದರು ಎನ್ನುವುದಕ್ಕಿಂತ, ಅವರ ಓದಿಗೆ ದೊಡ್ಡವರು ಹೇಗೆ ಬೆಚ್ಚಿಬಿದ್ದರು ಎನ್ನುವುದೇ ಹೆಚ್ಚು ದಾಖಲಾಗಿದೆ. 1954ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗೋರ್ಬಲ್ಸ್ ಎಂಬ ಬಡವರ ಬಡಾವಣೆಯಲ್ಲಿ ನೂರಾರು ಮಕ್ಕಳು ಸದರ್ನ್ ನೆಕ್ರೊಪೊಲಿಸ್ ಎಂಬ ಸ್ಮಶಾನಕ್ಕೆ ನುಗ್ಗಿದರು. ಕೆಲವರ ಕೈಯಲ್ಲಿ ಚಾಕು, ಕೆಲವರ ಕೈಯಲ್ಲಿ ಚೂಪು ಮಾಡಿದ ಕೋಲು. ಏಳಡಿ ಎತ್ತರದ, ಕಬ್ಬಿಣದ ಹಲ್ಲಿನ ರಕ್ತಪಿಶಾಚಿಯೊಂದು ಇಬ್ಬರು ಹುಡುಗರನ್ನು ಕೊಂದು ತಿಂದಿದೆ, ಅದನ್ನು ಹಿಡಿದೇ ತೀರಬೇಕು ಎಂಬುದು ಅವರ ಹಟ. ಪೊಲೀಸರು ಬಂದರು, ಮುಖ್ಯೋಪಾಧ್ಯಾಯರೂ ಬಂದು ಗದರಿಸಿದರು. ನೋಡಿದರೆ ಆ ಊರಿನಲ್ಲಿ ಕಾಣೆಯಾದ ಹುಡುಗರೇ ಇರಲಿಲ್ಲ. ಆದರೆ ಅಪರಾಧಿ ಯಾರೆಂದು ಎಲ್ಲರಿಗೂ ಆಗಲೇ ಗೊತ್ತಿತ್ತು: ಅಮೆರಿಕದಿಂದ ಬರುತ್ತಿದ್ದ ಹಾರರ್ ಕಾಮಿಕ್ಸ್. ಅವುಗಳ ವಿರುದ್ಧ ಮೊದಲೇ ಎದ್ದಿದ್ದ ಕೂಗಿಗೆ ಈ ಘಟನೆ ತುಪ್ಪ ಸುರಿಯಿತು. ಮರುವರ್ಷವೇ, 1955ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಅಂಥ ಪುಸ್ತಕಗಳನ್ನು ಮಕ್ಕಳಿಗೆ ಮಾರದಂತೆ ಕಾನೂನು ಮಾಡಿತು.

ತಮಾಷೆ ಇರುವುದು ಆಮೇಲೆ. ಸಂಶೋಧಕರು ಹಳೆಯ ಸಂಚಿಕೆಗಳನ್ನೆಲ್ಲ ತಡಕಾಡಿದರೂ ಕಬ್ಬಿಣದ ಹಲ್ಲಿನ ಪಿಶಾಚಿಯಿದ್ದ ಕಾಮಿಕ್ಸು ಸಿಗಲಿಲ್ಲ. ಕಬ್ಬಿಣದ ಹಲ್ಲು ಸಿಕ್ಕಿದ್ದು ಬೈಬಲಿನ ದಾನಿಯೇಲನ ಗ್ರಂಥದಲ್ಲಿ. ಜೊತೆಗೆ ಆ ಕಡೆಯ ಶಾಲೆಗಳಲ್ಲೇ ಹೇಳಿಕೊಡುತ್ತಿದ್ದ ಒಂದು ಪದ್ಯದಲ್ಲಿ. ಪಠ್ಯಪುಸ್ತಕ ಸಮಿತಿಗಳಲ್ಲಿ ಕೂತವರು ಯಾರಾದರೂ ಈ ಸಭೆಯಲ್ಲಿದ್ದರೆ ದಯವಿಟ್ಟು ಇದನ್ನು ಗುರುತು ಹಾಕಿಕೊಳ್ಳಿ. 1990ರ ದಶಕದಲ್ಲಿ ನಮ್ಮ ಬೆಂಗಳೂರಿನ ಓಣಿಗಳಲ್ಲೂ ಹಳ್ಳಿಗಳಲ್ಲೂ ಬಾಗಿಲುಗಳ ಮೇಲೆ ದೆವ್ವವನ್ನು ವಾಪಸು ಕಳಿಸಲೆಂದು ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತ್ತಲ್ಲ, ಅದಕ್ಕೂ ಯಾವ ಕಾದಂಬರಿಕಾರನೂ ಹೊಣೆಯಾಗಿರಲಿಲ್ಲ. ಭಯ ಹುಟ್ಟಲು ಪುಸ್ತಕವೇ ಬೇಕೆಂದಿಲ್ಲ. ಹುಟ್ಟಿದ ಭಯಕ್ಕೆ ಒಂದು ಆಕಾರ ಕೊಡಲು, ಅದನ್ನು ಶುರುವಿನಿಂದ ಕೊನೆಯವರೆಗೆ ನಡೆಸಿಕೊಂಡು ಹೋಗಲು ಪುಸ್ತಕ ಬೇಕು.

ಹಾಗೆ ನಡೆಸಿಕೊಂಡು ಹೋದ ಕಥೆಗಳಲ್ಲಿ ನಮ್ಮವರಿಗೆ ಅತಿ ಪರಿಚಿತವಾದದ್ದು ಬೇತಾಳನದು. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಸೋಮದೇವ ತನ್ನ ‘ಕಥಾಸರಿತ್ಸಾಗರ’ದೊಳಗೆ ಸೇರಿಸಿದ ಆ ಕಥೆಗಳು ನಮ್ಮ ಮನೆಗಳಿಗೆ ಬಂದದ್ದು ‘ಚಂದಮಾಮ’ದ ಮೂಲಕ. ಮದರಾಸಿನಲ್ಲಿ 1947ರಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿದ ಆ ಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ಬೇತಾಳ ಕಥೆಗಳ ಮೂಲ ಕಟ್ಟು ಇಪ್ಪತ್ತೈದರದ್ದು. ಅವು ಮುಗಿದರೂ ಬೇತಾಳ ಮುಗಿಯಲಿಲ್ಲ. ದಶಕಗಳ ಕಾಲ ಸಂಪಾದಕರಾಗಿದ್ದ ಕೊಡವಟಿಗಂಟಿ ಕುಟುಂಬರಾವ್ ಅದೇ ಚೌಕಟ್ಟಿನೊಳಗೆ ಹೊಸ ಹೊಸ ಕಥೆ ಕೂರಿಸುತ್ತಲೇ ಹೋದರು. ಹಿರಿದ ಕತ್ತಿ, ಹೆಗಲ ಮೇಲೆ ಶವ, ಸುತ್ತ ಸ್ಮಶಾನ — ಶಂಕರ್ ಬರೆದ ಆ ಚಿತ್ರವನ್ನು ಮರೆತವರು ನನ್ನ ತಲೆಮಾರಿನಲ್ಲಿ ಕಡಿಮೆ.

ಆ ಚೌಕಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡಿ. ಶವವನ್ನು ಹೊತ್ತು ತರುವ ರಾಜ, ಅದರೊಳಗಿನ ಬೇತಾಳ ಕೇಳಿದ್ದಕ್ಕೆ ಮಾತಾಡಿದರೆ ಶವ ಮರಕ್ಕೆ ವಾಪಸು, ಇಡೀ ರಾತ್ರಿಯ ಶ್ರಮ ವ್ಯರ್ಥ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳು. ಬೇತಾಳ ಕೇಳುವುದಾದರೂ ಏನು? ಮಂತ್ರದ ಗುಟ್ಟಲ್ಲ, ನಿಧಿ ಎಲ್ಲಿದೆ ಎಂದೂ ಅಲ್ಲ. ಈ ಮೂವರಲ್ಲಿ ಆ ಹೆಣ್ಣಿಗೆ ನಿಜವಾಗಿ ಗಂಡನಾಗಬೇಕಾದವನು ಯಾರು? ಇಷ್ಟು ಜನರಲ್ಲಿ ದೊಡ್ಡ ತ್ಯಾಗ ಯಾರದು? ತಪ್ಪು ರಾಜನದೋ ಸೇವಕನದೋ? ಭೂತ ನೆಪ ಮಾತ್ರ, ವಿಷಯ ನ್ಯಾಯ. ಹದಿಮೂರರ ಹುಡುಗಿ ಆ ಪ್ರಶ್ನೆಯ ಹತ್ತಿರ ಬಂದಾಗ ಉತ್ತರದ ಸಾಲನ್ನು ಅಂಗೈಯಿಂದ ಮುಚ್ಚಿ ತಾನೇ ಯೋಚಿಸುತ್ತಾಳೆ. ರಾಜನ ತೀರ್ಪು ಸರಿಬರದಿದ್ದರೆ ತಂಗಿಯ ಜೊತೆ ವಾದಕ್ಕಿಳಿಯುತ್ತಾಳೆ. ನೀತಿಪಾಠದ ಪುಸ್ತಕ ಎಷ್ಟು ತಿಣುಕಿದರೂ ಆಗದ ಕೆಲಸ ಇದು.

ಇವತ್ತಿನ ಹಾಸ್ಟೆಲ್ ಕೋಣೆಗಳಲ್ಲಿ ಮೊಬೈಲಿನ ಬೆಳಕಿನಲ್ಲಿ ಓದುವ, ನೋಡುವ ‘ಡೆತ್ ನೋಟ್’ ಎಂಬ ಜಪಾನಿ ಮಾಂಗಾ ಇದೆ. 2003ರಿಂದ 2006ರವರೆಗೆ ಧಾರಾವಾಹಿಯಾಗಿ ಬಂದದ್ದು. ಹೈಸ್ಕೂಲು ಹುಡುಗನೊಬ್ಬನಿಗೆ ಒಂದು ನೋಟ್‌ಬುಕ್ ಸಿಗುತ್ತದೆ. ಅದರಲ್ಲಿ ಯಾರ ಹೆಸರು ಬರೆದರೆ ಅವರು ಸಾಯುತ್ತಾರೆ. ಅವನು ಅಪರಾಧಿಗಳ ಹೆಸರು ಬರೆಯುವುದರಿಂದ ಶುರು ಮಾಡುತ್ತಾನೆ. ಎಲ್ಲಿ ನಿಲ್ಲಬೇಕು? ಪಕ್ಕದಲ್ಲೇ ಸೇಬು ತಿನ್ನುತ್ತ ತೇಲಾಡುವ ರ್‍ಯೂಕ್ ಎಂಬ ಸಾವಿನ ದೇವತೆ ಅವನನ್ನು ತಡೆಯುವುದೂ ಇಲ್ಲ, ಹುರಿದುಂಬಿಸುವುದೂ ಇಲ್ಲ, ಮಜಾ ನೋಡುತ್ತಾನೆ. ನಮ್ಮ ಬೇತಾಳನಿಗೆ ದೂರದ ನಂಟನಂತೆ ಕಾಣುತ್ತಾನಲ್ಲವೇ? ನಮ್ಮ ವಿದ್ಯಾರ್ಥಿಗಳು ಈ ಕಥೆಯ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಮರಣದಂಡನೆಯ ಮೇಲೆ ಪ್ರಬಂಧ ಬರೆಯಿರಿ ಎಂದರೆ ಮಾತ್ರ ಒಂದೂವರೆ ಪುಟ ದಾಟುವುದಿಲ್ಲ.

ಕನ್ನಡದಲ್ಲಿ ಹದಿಹರೆಯದವರಿಗೆಂದೇ ಬರೆಯುವ ಪದ್ಧತಿ ಬಲವಾಗಿ ಬೆಳೆಯಲಿಲ್ಲ. ಅವರು ಓದಿದ್ದು ಮನೆಯವರ ಪುಸ್ತಕವನ್ನು, ಕದ್ದು. 1965ರಲ್ಲಿ ‘ಸುಧಾ’ ಬಂತು, 1983ರಲ್ಲಿ ‘ತರಂಗ’. ವಾರಪತ್ರಿಕೆಗಳ ಧಾರಾವಾಹಿಯ ಪುಟಗಳನ್ನು ಅಮ್ಮಂದಿರು, ಚಿಕ್ಕಮ್ಮಂದಿರು ವಾರವಾರವೂ ಬಿಡಿಸಿ ಜೋಡಿಸಿಟ್ಟು, ಕೊನೆಗೆ ದಪ್ಪ ದಾರದಲ್ಲಿ ಹೊಲಿದು, ರಟ್ಟು ಹಾಕಿಸುತ್ತಿದ್ದರು. ಅಂಥ ಒಂದು ಕಟ್ಟನ್ನು ಕೈಗೆತ್ತಿಕೊಂಡರೆ ಸಂಶೋಧಕರಿಗೆ ಹಬ್ಬ. ಕಥೆಯ ಬೆನ್ನಿಗೆ ಪ್ರೆಷರ್ ಕುಕ್ಕರಿನ ಜಾಹೀರಾತು, ಅಂಚಿನಲ್ಲಿ ಪಕ್ಕದ ಮನೆಗೆ ಎರವಲು ಕೊಟ್ಟ ತಾರೀಕು, ನಡುವೆ ಎಲ್ಲೋ ಒಂದು ಕಂತು ನಾಪತ್ತೆ. ಆ ಕಾಣೆಯಾದ ಕಂತಿನಲ್ಲಿ ಏನಾಗಿರಬಹುದೆಂದು ಓದುಗರೇ ಊಹಿಸಿಕೊಳ್ಳಬೇಕು. ಅಂಚುಗಳಲ್ಲಿ ಏನೇನು ಗೀಚಿದ್ದಾರೆ ಎಂದು ನೋಡಿದರೆ ಯಾರು ಎಷ್ಟು ಹೆದರಿದ್ದರು ಎನ್ನುವುದೂ ತಿಳಿಯುತ್ತದೆ. ಗ್ರಂಥಪಾಲಕರು ಇಂಥ ಕಟ್ಟುಗಳನ್ನು ಹರಕಲು ಎಂದು ರದ್ದಿಗೆ ಹಾಕಬಾರದೆಂದು ಕೈಮುಗಿದು ಕೇಳುತ್ತೇನೆ.

ಎಂಬತ್ತರ ದಶಕದಲ್ಲಿ ಹೀಗೆ ಕೈಯಿಂದ ಕೈಗೆ ಹರಿದಾಡಿದ್ದು ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’. ಪುಟ್ಟ ಹುಡುಗಿಯ ಮೇಲೆ ಮಾಟ. ಒಂದು ಕಡೆ ಮಂತ್ರವಾದಿ, ಇನ್ನೊಂದು ಕಡೆ ವೈದ್ಯ. 1985ರಲ್ಲಿ ಅದು ಕನ್ನಡ ಸಿನಿಮಾ ಕೂಡ ಆಯಿತು. ಆ ಓದಿನ ಕಾಲಕ್ಕೆ ಸ್ವಲ್ಪವೇ ಹಿಂದೆ, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದ್ದರು. ವಿಚಾರವಾದಿ ಕೋವೂರರ ಬರಹಗಳನ್ನು ಓದಿ ಚರ್ಚಿಸುವವರು ಊರೂರಿನಲ್ಲಿದ್ದರು. ಒಂದೇ ಮನೆಯ ಒಂದೇ ಟೀಪಾಯಿ ಮೇಲೆ ಎರಡೂ ಬಗೆಯ ಓದು ಕೂತಿತ್ತು. ಇದು ವಿರೋಧಾಭಾಸವೆಂದು ನನಗನಿಸುವುದಿಲ್ಲ. ಮಾಟ ನಿಜವೆಂದು ಪೂರ್ತಿ ನಂಬಿದವನಿಗೆ ‘ತುಳಸಿದಳ’ ಕಾದಂಬರಿಯಲ್ಲ, ವರದಿ. ಪೂರ್ತಿ ಸುಳ್ಳೆಂದು ತೀರ್ಮಾನಿಸಿದವನಿಗೆ ಅದರಲ್ಲಿ ರುಚಿಯಿಲ್ಲ. ಮೈ ಜುಂ ಎನ್ನುವುದು ನಡುವೆ ನಿಂತವನಿಗೆ. ಇಂಗ್ಲಿಷ್ ವಿಭಾಗದವರಿಗೆ ತ್ಸ್ವೆತಾನ್ ಟೊಡೊರೊವ್ 1970ರಲ್ಲಿ ಬರೆದ ಪುಸ್ತಕ ನೆನಪಾಗುತ್ತಿರಬೇಕು. ಈ ಅಳುಕನ್ನೇ ಅವನು ಇಡೀ ಪ್ರಕಾರದ ಲಕ್ಷಣ ಎಂದ. ನನ್ನ ಮಟ್ಟಿಗೆ ಅದು ಒಂದು ವಯಸ್ಸಿನ ಲಕ್ಷಣವೂ ಹೌದು.

ಹಾಗೆಂದು ಹದಿಹರೆಯದವರು ಮುಟ್ಟಿದ್ದೆಲ್ಲ ಚಿನ್ನ ಎಂದು ಹೊಗಳಲು ನಾನು ಬಂದಿಲ್ಲ. 2005ರಲ್ಲಿ ಬಂದ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ನಮ್ಮ ನಗರಗಳ ಹುಡುಗಿಯರ ಕೈಗೂ ಬಂತು. ಅದರ ನಾಯಕ ರಕ್ತಪಿಶಾಚಿ ಎಂಬುದು ನನಗೆ ತಕರಾರಲ್ಲ. ಅವನು ರಾತ್ರಿ ಹುಡುಗಿಯ ಕೋಣೆಗೆ ನುಸುಳಿ, ಅವಳಿಗೆ ಗೊತ್ತಿಲ್ಲದಂತೆ ಅವಳು ಮಲಗಿರುವುದನ್ನು ನೋಡುತ್ತ ನಿಲ್ಲುತ್ತಾನೆ. ಕಾದಂಬರಿ ಅದನ್ನು ಪ್ರೇಮವೆಂದು ಕರೆಯುತ್ತದೆ. ಕೋರೆಹಲ್ಲಿಗಿಂತ ಇದು ಅಪಾಯ. ನಮ್ಮ ಪೋಷಕರು ಪಿಶಾಚಿ ಇದೆಯೆಂದು ಪುಸ್ತಕ ಕಿತ್ತುಕೊಳ್ಳುತ್ತಾರೆ. ಹುಡುಗಿಯನ್ನು ಹಿಂಬಾಲಿಸುವ ನಾಯಕನಿರುವ ಸಿನಿಮಾಕ್ಕೆ ಕುಟುಂಬ ಸಮೇತ ಹೋಗುತ್ತಾರೆ.

ಇಂಥ ಓದಿನ ಬಗ್ಗೆ ಬಂದ ಅತಿ ಚುರುಕಾದ ವಿಮರ್ಶೆ ಕೂಡ ಒಂದು ಕಾದಂಬರಿಯೇ. ಜೇನ್ ಆಸ್ಟಿನ್ ಸತ್ತ ಮೇಲೆ, 1817ರ ಕೊನೆಗೆ ಪ್ರಕಟವಾದ ‘ನಾರ್ಥ್ಯಾಂಗರ್ ಆ್ಯಬಿ’ಯ ಹದಿನೇಳರ ಕ್ಯಾಥರೀನ್ ಭಯಾನಕ ಕಾದಂಬರಿಗಳನ್ನು ಓದಿ ಓದಿ, ಅತಿಥಿಯಾಗಿ ಹೋದ ಮನೆಯ ಕಪಾಟಿನಲ್ಲಿ ರಹಸ್ಯ ಹಸ್ತಪ್ರತಿ ಸಿಕ್ಕಿತೆಂದು ನಡುಗುತ್ತಾಳೆ. ಬೆಳಗಾದ ಮೇಲೆ ನೋಡಿದರೆ ಬಟ್ಟೆ ಒಗೆಸಿದ ಲೆಕ್ಕದ ಚೀಟಿ. ಎಲ್ಲರೂ ಅಲ್ಲಿಗೇ ನಕ್ಕು ನಿಲ್ಲಿಸುತ್ತಾರೆ. ಮುಂದೆ ಓದಿ. ಮನೆಯ ಯಜಮಾನ ಹೆಂಡತಿಯನ್ನು ಕೊಂದಿರಬೇಕೆಂದು ಅವಳು ಶಂಕಿಸುತ್ತಾಳೆ, ಅವನು ಕೊಲೆಗಾರನಲ್ಲ. ಆದರೆ ಅದೇ ಮನುಷ್ಯ, ಅವಳು ತಾನೆಣಿಸಿದಷ್ಟು ಸಿರಿವಂತಳಲ್ಲವೆಂದು ತಿಳಿದ ಕೂಡಲೇ, ಜೊತೆಗೊಬ್ಬ ಆಳನ್ನೂ ಕಳಿಸದೆ ಬೆಳ್ಳಂಬೆಳಗ್ಗೆ ಮನೆಯಿಂದ ಹೊರಗಟ್ಟುತ್ತಾನೆ. ಆ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಹುಡುಗಿಗೆ ಅನ್ನಿಸಿದ್ದು ಸುಳ್ಳಾಗಿರಲಿಲ್ಲ.

ಇನ್ನು ನಮ್ಮ ಕೊರತೆಯ ಮಾತು. ಕನ್ನಡದಲ್ಲಿ ಮಕ್ಕಳ ಸಾಹಿತ್ಯ ಈಚೆಗೆ ಚೆನ್ನಾಗಿದೆ. ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಪಡೆದಿವೆ. ಆದರೆ ಹನ್ನೆರಡು ದಾಟಿದ ಓದುಗನಿಗೆ ನಾವು ಕೊಡುವುದೇನು? ನೇರವಾಗಿ ಕುವೆಂಪು, ಕಾರಂತರ ದಪ್ಪ ಕಾದಂಬರಿ. ಆ ಜಿಗಿತದಲ್ಲಿ ಬೀಳುವವರೇ ಹೆಚ್ಚು. ಬಿದ್ದವರನ್ನು ಹ್ಯಾರಿ ಪಾಟರ್ ಎತ್ತಿಕೊಳ್ಳುತ್ತಾನೆ, ಇಲ್ಲವೇ ‘ಪ್ರತಿಲಿಪಿ’ಯ ಹಾರರ್ ಕಂತುಗಳು, ಯೂಟ್ಯೂಬಿನ ದೆವ್ವದ ಕಥೆಗಳು. ಒಳ್ಳೆಯದೇ. ಕನಿಷ್ಠ ಆ ಕಂತುಗಳು ಕನ್ನಡದಲ್ಲಿವೆ, ಕೊನೆಯವರೆಗೆ ಓದಿಸಿಕೊಳ್ಳುತ್ತವೆ. ಅವುಗಳಲ್ಲಿ ಹೆಚ್ಚಿನವು ಅವಸರದವು, ಅರಚಾಟದವು ಎಂಬ ನನ್ನ ದೂರು ಬರವಣಿಗೆಯ ಮೇಲೆಯೇ ಹೊರತು ದೆವ್ವದ ಮೇಲಲ್ಲ.

ದೆವ್ವವಿಲ್ಲದೆಯೂ ಆ ಹಸಿವನ್ನು ತಣಿಸಬಹುದೆಂದು ತೇಜಸ್ವಿ ತೋರಿಸಿದ್ದಾರೆ. ‘ಕರ್ವಾಲೊ’ದ ಹಾರುವ ಓತಿಯನ್ನು ಹುಡುಕುತ್ತ ಕಾಡು ಹೊಕ್ಕ ಹದಿನಾರರ ಹುಡುಗರು ಆಮೇಲೆ ಓದು ಬಿಡಲಿಲ್ಲ. ಇನ್ನೊಂದು ಕಡೆ ಕಾರಂತರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಅಜ್ಜಿ ಒಂದು ಹಳೆಯ ವಸ್ತುವನ್ನು ಮುಟ್ಟಿದರೆ ಅದರ ಪೂರ್ವಕಾಲವೆಲ್ಲ ಕಣ್ಣಿಗೆ ಬರುತ್ತದೆ. ಇದು ಅತಿಮಾನುಷ ಕಥನವಲ್ಲದೆ ಮತ್ತೇನು? ಜ್ಞಾನಪೀಠ ಬಂದ ಮೇಲೆ ಕಾರಂತರನ್ನು ಆ ಕಪಾಟಿನಲ್ಲಿಡಲು ನಮಗೆ ಮುಜುಗರ, ಅಷ್ಟೇ. ಜನ್ನನ ‘ಯಶೋಧರ ಚರಿತೆ’ಯಲ್ಲಂತೂ ಚಂಡಮಾರಿಯ ಮುಂದೆ ಬಲಿಗೆಂದು ತಂದು ನಿಲ್ಲಿಸಿದ ಅಣ್ಣ ತಂಗಿ ಇಬ್ಬರೂ ಎಳೆಯರು. ತಮ್ಮ ಹಿಂದಿನ ಜನ್ಮಗಳ ಕಥೆ ಹೇಳಿ ಅವರು ರಾಜನ ಕತ್ತಿ ಇಳಿಸುತ್ತಾರೆ. ಜನ್ನನನ್ನು ಪಿಯುಸಿ ಹುಡುಗರಿಗೆ ಹೀಗೆ ಪರಿಚಯಿಸಿ ನೋಡಿದವರಿದ್ದರೆ ಅವರ ಅನುಭವವನ್ನು ನಾಳೆಯ ಗೋಷ್ಠಿಯಲ್ಲಿ ಕೇಳಬೇಕು.

ಒಂದು ತೊಡಕನ್ನು ಬಿಡಿಸದೆಯೇ ನಿಮ್ಮ ಮುಂದಿಡುತ್ತೇನೆ. ಉಡುಪಿ, ಮಂಗಳೂರು ಕಡೆಯ ಹುಡುಗನಿಗೆ ಪಂಜುರ್ಲಿ ಕಲ್ಪನೆಯ ಪಾತ್ರವಲ್ಲ. ಮನೆಯವರೆಲ್ಲ ಕೈಮುಗಿದು ನಿಲ್ಲುವ ದೈವ. 2022ರಲ್ಲಿ ಆ ದೈವವನ್ನು ತೆರೆಗೆ ತಂದ ‘ಕಾಂತಾರ’ ಬಂದಾಗ ಅದನ್ನು ಫ್ಯಾಂಟಸಿಯಾಗಿ ನೋಡಿದ ಬೆಂಗಳೂರಿನ ಹುಡುಗ, ದೈವದ ನೇಮವಾಗಿ ನೋಡಿದ ಕಾರ್ಕಳದ ಹುಡುಗ ಒಂದೇ ಸಿನಿಮಾ ನೋಡಿದರೇ? ಪಶ್ಚಿಮದ ಸಿದ್ಧಾಂತಗಳು ಲೋಕವನ್ನು ಸಹಜ, ಅತಿಸಹಜ ಎಂದು ಮೊದಲೇ ಪಾಲು ಮಾಡಿಕೊಂಡು ಹೊರಡುತ್ತವೆ. ನಮ್ಮ ಓದುಗರ ಮನೆಗಳಲ್ಲಿ ಆ ಪಾಲುಪಟ್ಟಿ ಇನ್ನೂ ರಿಜಿಸ್ಟರ್ ಆಗಿಲ್ಲ.

ಕಡೆಯದಾಗಿ ಸಂಘಟಕರಲ್ಲಿ ಒಂದು ವಿನಂತಿ. ಆಹ್ವಾನ ಪತ್ರಿಕೆಯಲ್ಲಿ ವಿದ್ಯಾರ್ಥಿ ಓದುಗರ ಗೋಷ್ಠಿಯನ್ನು ನಾಳೆ ಊಟವಾದ ಮೇಲೆ, ಸಮಾರೋಪಕ್ಕೆ ಮುಂಚೆ ಇಟ್ಟಿದ್ದೀರಿ. ಅಷ್ಟು ಹೊತ್ತಿಗೆ ಬಸ್ಸು ಹಿಡಿಯುವವರು ಹೊರಟಿರುತ್ತಾರೆ, ಉಳಿದವರು ಪ್ರಮಾಣಪತ್ರಕ್ಕೆ ಕಾಯುತ್ತಿರುತ್ತಾರೆ. ಸಾಧ್ಯವಿದ್ದರೆ ಆ ಗೋಷ್ಠಿಯನ್ನು ಇವತ್ತು, ಚಹಾ ಮುಗಿದ ಕೂಡಲೇ ನಡೆಸಿ. ಅವರು ತಾವು ಓದುವುದೇನೆಂದು ಮೊದಲು ಹೇಳಲಿ. ಪ್ರಬಂಧ ಬರೆದು ತಂದಿರುವ ನಾವು ಅದನ್ನು ಕೇಳಿಸಿಕೊಂಡ ಮೇಲೆ ನಮ್ಮ ಪುಟಗಳಲ್ಲಿ ಹೊಡೆದುಹಾಕಬೇಕಾದ್ದನ್ನು ಹೊಡೆದುಹಾಕಲು ಒಂದು ರಾತ್ರಿಯಾದರೂ ಸಿಗುತ್ತದೆ.